ರಿಂಗ್ ಟ್ಯಾಗ್ ಒತ್ತಿದ ಮರುದಿನವೇ ಉಬ್ಬುತ್ತದೆ, ಯಾರಿಗಾದರೂ ಗೊತ್ತುಂಟಾ?

ನೀರ್ಚಾಲು_ಕಾಗದ
ತಲೆ ಕೆಟ್ಟುಹೋಗಿದೆ. ಮಾವನ ಷಷ್ಟಿಪೂರ್ತಿಗೆ ಆಲ್ಬಂ ಮಾಡ್ತಾ ಇದ್ದೇನೆ. ಪುಟಕ್ಕೊಂದು ಲೋಹದ ರಿಂಗಿನ ದುಂಡು ಟ್ಯಾಗ್, ಅದರಲ್ಲಿ ಇಸವಿ (1971 ಶಾಲೆಗೆ ಸೇರಿದ್ದು, 1991 ಮದುವೆ, ಹೀಗೆ), ದಾರ ಕಟ್ಟಿ ಫೋಟೋದ ಮೂಲೆಗೆ ಇಳಿಬಿಡುವುದು. ನಿನ್ನೆ ರಾತ್ರಿ 18 ಟ್ಯಾಗ್ ಒತ್ತಿದೆ. ಮಲಗುವಾಗ ಎಲ್ಲ ಚಪ್ಪಟೆ ಇತ್ತು, ಚಂದ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಉಬ್ಬಿದೆ. ಎರಡರಲ್ಲಿ ಕಾಗದ ರಿಂಗಿನಿಂದ ಅರ್ಧ ಹೊರಗೆ ಬಂದಿದೆ. ಮಳೆಗಾಲದ ಈ ಆಟಿ ತಿಂಗಳು ಮುಗಿದ ಕೂಡಲೇ ಕಾರ್ಯಕ್ರಮ. ಕಿಟ್ ಎಲ್ಲರ ಹತ್ತಿರ ಇರುವಂಥದ್ದೇ: ಕೆಳಗೊಂದು ಮೇಲೊಂದು ಅಚ್ಚು, ನಡುವೆ ಕಾಗದ ಮತ್ತು ರಿಂಗ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ರಿಂಗಿನ ಅಂಚು ಮಡಚುವುದು. ಎಂತ ಮಾಡುವುದು ಹೇಳಿ.

ಹೊಸೂರು_ಅಚ್ಚು
ಒತ್ತಡ ಸಾಲ್ತಿಲ್ಲ ಮೇಡಂ, ಅಷ್ಟೇ. ರಿಂಗಿನ ಅಂಚು ಒಳಕ್ಕೆ ಪೂರ್ತಿ ಮಡಚಿಕೊಂಡಿಲ್ಲ ಅಂದ್ರೆ ಕಾಗದ ಬಿಟ್ಟುಕೊಳ್ಳುತ್ತೆ. ಕೆಳಗಿನ ಅಚ್ಚನ್ನ ಗಟ್ಟಿ ಕಲ್ಲಿನ ಮೇಲಿಟ್ಟು, ಮೇಲಿನ ಅಚ್ಚಿಗೆ ನಾಲ್ಕೈದು ಏಟು ಜೋರಾಗಿ ಹಾಕಿ. ಮೇಜಿನ ಮೇಲಿಟ್ಟು ಹೊಡೆದ್ರೆ ಅರ್ಧ ಏಟನ್ನ ಮೇಜೇ ತಿಂದುಬಿಡುತ್ತೆ.

ರಾಯದುರ್ಗ_ಕತ್ತರಿ
ಅಕ್ಕ, ಕಾಗದ ಎಷ್ಟು ಜಿಎಸ್‌ಎಂ? ಅಂದ್ರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ? 300 ಮೇಲಿದ್ರೆ ಅಂಚು ಮಡಚಕ್ಕೆ ಜಾಗ ಸಾಲಲ್ಲ. 220ರಿಂದ 250 ಒಳಗೆ ಇರಬೇಕು.

ನೀರ್ಚಾಲು_ಕಾಗದ
250. ಕಾಗದ ಒಳ್ಳೆಯದೇ, ಅದರ ತಕರಾರು ಇಲ್ಲ. ಹೊಸೂರು ಅಣ್ಣ ಹೇಳಿದ ಹಾಗೆ ಅಂಗಳದ ಕಲ್ಲಿನ ಮೇಲಿಟ್ಟು ಆರು ಟ್ಯಾಗ್ ಮಾಡಿದೆ. ಇವತ್ತು ನೋಡಿದರೆ ಮೊದಲಿಗಿಂತ ಹೆಚ್ಚು ಉಬ್ಬಿದೆ.

ಹೊಸೂರು_ಅಚ್ಚು
ಹಾಗಾದ್ರೆ ಏಟು ಓರೆಯಾಗಿ ಬೀಳ್ತಿದೆ. ಸುತ್ತಿಗೆ ಯಾವುದು? ಕಬ್ಬಿಣದ್ದಾದ್ರೆ ಪುಟಿಯುತ್ತೆ. ಕೊಡತಿ ತಗೊಳ್ಳಿ, ಮರದ್ದು. ಇಪ್ಪತ್ತು ವರ್ಷ ಪ್ರೆಸ್‌ನಲ್ಲಿ ಇದ್ದೀನಿ. ಕಾಗದ ಲೋಹ ಬಿಟ್ಟುಕೊಂಡು ಬಂತು ಅಂದ್ರೆ ನೂರಕ್ಕೆ ತೊಂಬತ್ತು ಸಲ ಒತ್ತಡದ್ದೇ ತೊಂದರೆ.

ಅಕ್ಕಲಕೋಟ_ಆಲ್ಬಂ
ಸುತ್ತಿಗಿ ಕೊಡತಿ ಎಲ್ಲಾ ಬಿಡ್ರಿ. ಹಿಡಿಕಿ ಪ್ರೆಸ್ ತಗೋರಿ. ನನ್ನ ಹಂತ್ಯಾಕ ಬ್ಯಾಡ್ಜ್ ಮಾಡೋ ಪ್ರೆಸ್ ಅದ, ಅದಕ್ಕ ಟರ್ನರ್ ಕಡೆ ಐದು ಅಳತಿ ಅಚ್ಚು ಮಾಡ್ಸೀನಿ: 25, 32, 38, 44, 50 ಮಿ.ಮೀ. ಒಂದ್ ಸಲ ಹಿಡಿಕಿ ಎಳದ್ರ ಬಳಿ ಸುತ್ತೂ ಒಂದೇ ಸಮ ಮಡಚ್ತದ. ಎರಡು ವರ್ಷದಾಗ ಒಂದೂ ಉಬ್ಬಿಲ್ಲ. ಮತ್ತ ಅಲ್ಯೂಮಿನಿಯಂ ಬಿಟ್ಟು ಹಿತ್ತಾಳಿ ಬಳಿ ಹಾಕ್ರಿ, ಅದರ ಹಿಡಿತನ ಬ್ಯಾರೆ.

ರಾಯದುರ್ಗ_ಕತ್ತರಿ
ಅಣ್ಣ, ಬಳೆ ಅಂದ್ರೆ ಹೊಸಬರಿಗೆ ಗೊತ್ತಾಗಲ್ಲ. ರಿಂಗ್ ಅನ್ನಿ, ಅಂಗಡೀಲೂ ಹಂಗೇ ಕೇಳೋದು. ಹಿತ್ತಾಳೆ ಮಳೆಗಾಲದಲ್ಲಿ ಕಪ್ಪಾಗತೈತೆ. ಬೆರಳಿನ ಬೆವರು ತಾಗಿದ ಕಡೆ ಮೊದಲು. ಹತ್ತಾರು ವರ್ಷ ಇಡೋ ಆಲ್ಬಂಗೆ ಅದು ಬ್ಯಾಡ.

ಅಕ್ಕಲಕೋಟ_ಆಲ್ಬಂ
ಕಪ್ಪಾಗಬಾರದಂದ್ರ ತೆಳ್ಳಗ ಲ್ಯಾಕರ್ ಹೊಡೀಬೇಕ್ರಿ. ನಾ ಹೊಡಿತೀನಿ, ಇನ್ನೂ ಬಂಗಾರದಂಗ ಹೊಳೀತಾವ. ಬಳಿ ಅನ್ನೋದು ನಮ್ಮ ಶಬ್ದ, ತಿಳೀಲಾರದ್ದೇನದ ಅದರಾಗ? ಕೈಗಿರೋದೂ ಬಳಿ, ಕಾಗದಕ್ಕಿರೋದೂ ಬಳಿ.

ನೀರ್ಚಾಲು_ಕಾಗದ
ದಯವಿಟ್ಟು ನನ್ನ ಟ್ಯಾಗಿನ ವಿಷಯ ಹೇಳಿ. ಪ್ರೆಸ್ ತರಿಸುವಷ್ಟು ದಿನ ಇಲ್ಲ. ಕೊಡತಿಯಲ್ಲೂ ಮಾಡಿದೆ, ಹಾಗೆಯೇ ಆಯಿತು. ಒಂದು ವಿಷಯ ಇವತ್ತು ಸರಿಯಾಗಿ ನೋಡಿದೆ. ಹಪ್ಪಳದ ಹಾಗೆ ಸುತ್ತಲೂ ಉಬ್ಬಿದ್ದಲ್ಲ. ನಾಡಹಂಚಿನ ಹಾಗೆ ಒಂದೇ ಕಡೆಗೆ ಬಾಗಿದೆ. ಹದಿನೆಂಟರಲ್ಲೂ ಇಸವಿಯ ಅಂಕೆಯ ಮೇಲಿಂದ ಕೆಳಕ್ಕೆ ದಿಣ್ಣೆ ಎದ್ದಿದೆ, ಅಡ್ಡಕ್ಕೆ ಒಂದರಲ್ಲೂ ಇಲ್ಲ.

ಮುಳ್ಳೇರಿಯ_ಮರ
ತಂಗೀ, ಈಗ ವಿಷಯಕ್ಕೆ ಬಂದ್ರಿ. ಮೂರು ಪ್ರಶ್ನೆ. ಆ ದುಂಡು ಎಲ್ಲಿ ಕತ್ತರಿಸಿದ್ದು, ಯಾವಾಗ ಕತ್ತರಿಸಿದ್ದು, ಒತ್ತುವವರೆಗೆ ಎಲ್ಲಿ ಇಟ್ಟದ್ದು?

ನೀರ್ಚಾಲು_ಕಾಗದ
ಅದೂ ಹೇಳಬೇಕಿತ್ತಾ? ತಮ್ಮ ಹೊಸೂರಿನಲ್ಲಿ ಕೆಲಸಕ್ಕೆ ಇರುವುದು. ಮಾರ್ಚ್‌ನಲ್ಲಿ ಅಲ್ಲಿಯೇ ಒಂದು ಪ್ರೆಸ್‌ನಲ್ಲಿ ಇಸವಿ ಪ್ರಿಂಟ್ ಹಾಕಿಸಿ ದುಂಡಗೆ ಕತ್ತರಿಸಿ ಪ್ಲಾಸ್ಟಿಕ್ ಕವರಿಗೆ ಸೀಲ್ ಮಾಡಿಸಿ ಕಳಿಸಿದ. ನಾನು ಕವರು ಒಡೆದದ್ದೇ ಒತ್ತುವ ದಿನ ರಾತ್ರಿ. ಧೂಳಾಗಬಾರದು ಅಂತ.

ಹೊಸೂರು_ಅಚ್ಚು
ನಮ್ಮೂರ ಕಟಿಂಗ್ ಮೇಲೆ ಹಾಕಬೇಡಿ. ಡೈ (ಕತ್ತರಿಸೋ ಅಚ್ಚು) ಕಟಿಂಗ್ ಇಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಲ್ಲ.

ಮುಳ್ಳೇರಿಯ_ಮರ
ಕಟಿಂಗಿನ ತಪ್ಪು ಅಂತ ಯಾರೂ ಹೇಳ್ತಾ ಇಲ್ಲ ಅಣ್ಣ. ಕಟಿಂಗ್ ಅಷ್ಟು ಸರಿ ಇದ್ದದ್ದೇ ಇಲ್ಲಿ ತೊಂದರೆ ಆದದ್ದು. ಹೇಗೆ ಅಂತ ಹೇಳ್ತೇನೆ.

ನಾನು ಕಾಗದದವನಲ್ಲ, ಮರದ ಕೆಲಸದವನು, ಟ್ಯಾಗ್ ಮಾಡುವುದು ಮಗಳ ಜೊತೆ ಸೇರಿ. ಆದರೆ ಕಾಗದವೂ ಮರದ ನಾರೇ ಅಲ್ವಾ. ಗಾಳಿಯ ತೇವ ಕುಡಿದರೆ ನಾರು ದಪ್ಪ ಆಗ್ತದೆ, ಉದ್ದ ಆಗುವುದು ತೀರಾ ಕಡಿಮೆ. ಕಾಗದದ ಮಿಲ್ಲಿನಲ್ಲಿ ನಾರೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರ್ತದೆ. ಹಾಗಾಗಿ ಹಾಳೆ ನಾರಿನ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ, ಉದ್ದಕ್ಕೆ ಸ್ವಲ್ಪವೇ. ನಿಮ್ಮ ದುಂಡು ಹೊಸೂರಿನ ಮಾರ್ಚಿನ ಒಣ ಗಾಳಿಯಲ್ಲಿ ಕತ್ತರಿಸಿದ್ದು, ಆ ಒಣಗಿದ ಹದವೇ ಕವರಿನೊಳಗೆ ಉಳಿದಿದೆ. ನಮ್ಮ ಆಟಿ ಮಳೆಯಲ್ಲಿ ಕವರು ಒಡೆದ ಅರ್ಧ ಗಂಟೆಗೆ ನೀವು ರಿಂಗ್ ಒತ್ತಿದ್ದೀರಿ. ರಾತ್ರಿ ಇಡೀ ಅದು ತೇವ ಕುಡಿಯಿತು. ಸುತ್ತ ಲೋಹ, ಬದಿಗೆ ಹೋಗಲಿಕ್ಕೆ ಜಾಗ ಇಲ್ಲ, ಮೇಲಕ್ಕೆ ಎದ್ದಿತು. ಗಟ್ಟಿ ಹೊಡೆದಷ್ಟೂ ಜಾಗ ಇನ್ನೂ ಕಡಿಮೆ. ಕಲ್ಲಿನ ಮೇಲೆ ಮಾಡಿದ್ದು ಹೆಚ್ಚು ಉಬ್ಬಿದ್ದು ಅದಕ್ಕೆ.

ಹಳೇ ಮನೆಗಳ ಬಾಗಿಲು ನೋಡಿ. ನಡುವಿನ ಹಲಗೆಗೆ ಆಚಾರಿ ಅಂಟು ಹಾಕುವುದಿಲ್ಲ, ಚೌಕಟ್ಟಿನ ಸೀಳಿನಲ್ಲಿ ಸ್ವಲ್ಪ ಸಡಿಲ ಬಿಡ್ತಾನೆ. ಬಿಗಿ ಕೂರಿಸಿದರೆ ಮಳೆಗಾಲದಲ್ಲಿ ಹಲಗೆ ಚೌಕಟ್ಟನ್ನೇ ಬಿಚ್ಚಿಹಾಕ್ತದೆ.

ಪರೀಕ್ಷೆ ಬೇಕಿದ್ದರೆ ಉಬ್ಬಿದ ಒಂದು ಟ್ಯಾಗನ್ನು ಹಲಸಿನ ಹಪ್ಪಳದ ಡಬ್ಬಿಗೆ ಹಾಕಿ, ಮುಚ್ಚಳ ಗಟ್ಟಿ ಮಾಡಿ, ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಡಿ.

ಹೊಸೂರು_ಅಚ್ಚು
ಕಾಗದ ಹಿಗ್ಗೋದು ಪ್ರೆಸ್‌ನವರಿಗೆ ಗೊತ್ತಿಲ್ಲದ್ದೇನಲ್ಲ. ಆದ್ರೆ 32 ಮಿ.ಮೀ. ದುಂಡಿನಲ್ಲಿ ಎಷ್ಟು ಹಿಗ್ಗೀತು? ಕೂದಲೆಳೆಯಷ್ಟು. ಅದಕ್ಕೆ ಇಷ್ಟು ಉಬ್ಬಾ?

ಮುಳ್ಳೇರಿಯ_ಮರ
ಉಬ್ಬುತ್ತದೆ. 32 ಮಿ.ಮೀ. ಅಗಲದಲ್ಲಿ ಬರೀ 0.2 ಹೆಚ್ಚಾದರೂ, ಎರಡೂ ತುದಿ ಕಟ್ಟಿಹಾಕಿದ್ದರೆ ನಡು ಒಂದೂವರೆ ಮಿ.ಮೀ. ಮೇಲೆ ಏಳ್ತದೆ. ಉಕ್ಕಿನ ಸ್ಕೇಲಿನ ಎರಡು ತುದಿ ಅಂಗೈ ನಡುವೆ ಹಿಡಿದು ಒಂದಿಷ್ಟು ಒತ್ತಿ ನೋಡಿ ಅಣ್ಣ. ತುದಿ ಸರಿದದ್ದು ಕಣ್ಣಿಗೆ ಕಾಣುವುದಿಲ್ಲ, ನಡು ಬಿಲ್ಲಿನ ಹಾಗೆ ಬಾಗಿರ್ತದೆ.

ನೀರ್ಚಾಲು_ಕಾಗದ
ಡಬ್ಬಿಯಲ್ಲಿ ಇಟ್ಟೆ. ಬೆಳಿಗ್ಗೆ ತೆಗೆಯುವಾಗ ಗಾಜಿನ ಹಾಗೆ ಚಪ್ಪಟೆ! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಜಗಲಿಯ ಮೇಲಿಟ್ಟೆ, ಕಾಫಿ ಕುಡಿದು ದನಗಳಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ 1971ರ ನಡುವಿನಲ್ಲಿ ದಿಣ್ಣೆ ಏಳಲಿಕ್ಕೆ ಶುರು ಆಗಿತ್ತು.

ಭಾವನ ಕ್ಯಾಲಿಪರ್ (ಸೂಕ್ಷ್ಮವಾಗಿ ಅಳೆಯುವ ಸಾಧನ) ತಂದು, ರಿಂಗ್ ಹಾಕದ ಹತ್ತು ದುಂಡುಗಳನ್ನು ಅಂಕೆ ಒಂದೇ ನೇರಕ್ಕೆ ಬರುವ ಹಾಗೆ ಜೋಡಿಸಿ ಹಿಡಿದು ಅಳೆದೆ. ಮೇಲಿಂದ ಕೆಳಕ್ಕೆ 32.05. ಅಡ್ಡಕ್ಕೆ 32.25. ರಿಂಗಿನ ಒಳಗೆ ಕಾಗದ ಕೂರುವ ಜಾಗ ಸರಿಯಾಗಿ 32.

ಹೊಸೂರು_ಅಚ್ಚು
ಒಪ್ಪಿದೆ. ನಾನು ಹೇಳಿದ್ದು ಕೇಳಿ ಆರು ರಿಂಗ್ ಹಾಳು ಮಾಡಿಕೊಂಡ್ರಿ, ಕ್ಷಮಿಸಿ ಮೇಡಂ. ಡೈ ಮಾಡಿಸುವಾಗಲೇ ಅರ್ಧ ಮಿ.ಮೀ. ಕಡಿಮೆ ಇಡಬೇಕಿತ್ತು.

ರಾಯದುರ್ಗ_ಕತ್ತರಿ
ಡಬ್ಬೀಲಿ ತೇವ ಹೀರೋ ಸಿಲಿಕಾ ಜೆಲ್ ಹಾಕಿಟ್ಟು ಕಾರ್ಯಕ್ರಮದ ದಿನ ತೆಗೆದ್ರೆ ಆಗಲ್ವಾ ಅಕ್ಕ?

ಮುಳ್ಳೇರಿಯ_ಮರ
ಆಲ್ಬಂ ತೆರೆದಿಡುವುದು ಜನ ನೋಡಲಿಕ್ಕೆ. ಊಟದ ಹೊತ್ತಿಗೆ ಪುನಃ ಉಬ್ಬುತ್ತದೆ.

ತಂಗೀ, ಹೀಗೆ ಮಾಡಿ. ರಿಂಗ್ ಹಾಕದ ದುಂಡುಗಳನ್ನೆಲ್ಲ ತೂತಿಗೆ ದಾರ ಪೋಣಿಸಿ, ಒಂದಕ್ಕೊಂದು ತಾಗದ ಹಾಗೆ ಜಗಲಿಯಲ್ಲಿ ಎರಡು ದಿನ ತೂಗುಹಾಕಿ. ಕುಡಿಯುವಷ್ಟು ತೇವ ಕುಡಿಯಲಿ. ಆಮೇಲೆ ಹತ್ತತ್ತು ಜೋಡಿಸಿ ಎರಡು ದುಂಡು ಮರದ ತುಂಡಿನ ನಡುವೆ ಬಿಗಿ ಹಿಡಿದು, 220 ನಂಬರಿನ ಮರಳು ಕಾಗದದಲ್ಲಿ ಅಂಚು ಉಜ್ಜಿ. 31.5ಕ್ಕೆ ಬಂದ ಮೇಲೆ ನಿಲ್ಲಿಸಿ. ಒತ್ತುವಾಗ ಅಂಚು ಮಡಚಿ ಕಾಗದಕ್ಕೆ ತಾಗಿದರೆ ಸಾಕು, ಉಗುರಿನಲ್ಲಿ ದೂಡಿದರೆ ಕಾಗದ ತಿರುಗಬೇಕು.

ಅಕ್ಕಲಕೋಟ_ಆಲ್ಬಂ
ತಿರುಗಿದ್ರ ಇಸವಿ ಓರೆ ಆಗಂಗಿಲ್ಲೇನ್ರಿ?

ಮುಳ್ಳೇರಿಯ_ಮರ
ದಾರದ ತೂತು ಇರುವುದು ಕಾಗದದಲ್ಲಿ. ಕಾಗದ ದಾರಕ್ಕೆ ನೇರ ನಿಲ್ತದೆ, ತಿರುಗುವುದು ರಿಂಗ್ ಮಾತ್ರ. ಮುಂದಿನ ಮಾರ್ಚಿಗೆ ಕಾಗದ ಕುಗ್ಗಿದರೂ ಮಡಚಿದ ಅಂಚು ಒಂದೂವರೆ ಮಿ.ಮೀ. ಒಳಕ್ಕೆ ಹಿಡಿದಿರ್ತದೆ, ಬೀಳುವುದಿಲ್ಲ.

ಅಕ್ಕಲಕೋಟ_ಆಲ್ಬಂ
ಇದು ಖರೇ ಮಾತು. ನಮ್ಮ ಕಡಿ ಹವಾ ಒಣಾ, ಅದಕ್ಕ ನಂದು ಉಬ್ಬಿಲ್ಲ, ನಾ ಪ್ರೆಸ್ಸಿನ ಗುಣ ಅಂದ್ಕೊಂಡಿದ್ದೆ. ಹೋದ ವರ್ಷ ಮಂಗಳೂರಿಗೆ ಒಬ್ರಿಗೆ 50 ಟ್ಯಾಗ್ ಕಳಿಸಿದ್ದೆ, ಅವ್ರು ಮತ್ತ ಫೋನೇ ಎತ್ತಲಿಲ್ಲ. ಇವತ್ತು ವಿಚಾರಿಸ್ತೀನಿ.

ರಾಯದುರ್ಗ_ಕತ್ತರಿ
ಅಣ್ಣ ಆ ಅಚ್ಚು ಮಾಡಿಸಕ್ಕೆ ಎಷ್ಟಾಯ್ತು? 38ರದ್ದು ಒಂದು ನನಗೂ ಬೇಕಿತ್ತು.

ನೀರ್ಚಾಲು_ಕಾಗದ
ಮೂರು ದಿನ ಆಯಿತು. 20 ಮಾಡಿದೆ, 17 ಚಪ್ಪಟೆಯೇ ಉಂಟು, ನಿನ್ನೆ ರಾತ್ರಿಯ ಆ ಮಳೆಗೂ ಅಲುಗಲಿಲ್ಲ. ಮೂರನ್ನು ಉಜ್ಜಿದ್ದು ಸಾಲಲಿಲ್ಲ ಕಾಣ್ತದೆ. ಮುಳ್ಳೇರಿಯ ಅಣ್ಣನಿಗೆ ಹೇಗೆ ಉಪಕಾರ ಹೇಳುವುದು ಗೊತ್ತಾಗ್ತಾ ಇಲ್ಲ. ಇನ್ನು ಮದುವೆಯ ಪುಟಕ್ಕೆ ಆರು ಓವಲ್ ಟ್ಯಾಗ್ ಬಾಕಿ. ಅದನ್ನು ಉಜ್ಜಿದರೆ ಆಕಾರವೇ ಕೆಡ್ತದೆ. ಹೊಸತಾಗಿ ಕತ್ತರಿಸುವುದಾದರೆ ನಾರು ಯಾವ ಕಡೆಗೆ ಬರಬೇಕು?

ಮುಳ್ಳೇರಿಯ_ಮರ
ಓವಲಿನ ಉದ್ದಕ್ಕೆ. ಉದ್ದ ಇದ್ದಷ್ಟು ಹಿಗ್ಗುವುದೂ ಹೆಚ್ಚು, ಆ ಕಡೆಗೆ ಹಿಗ್ಗದ ದಿಕ್ಕು ಇಡಿ. ಹಾಳೆಯನ್ನು ಎರಡೂ ಕಡೆಗೆ ಬಾಗಿಸಿ ನೋಡಿದರೆ ಸುಲಭಕ್ಕೆ ಸುರುಳಿ ಆಗುವಾಗ ಕೊಳವೆ ಯಾವ ಕಡೆಗೆ ಉದ್ದ ಉಂಟೋ ಅದೇ ನಾರಿನ ದಿಕ್ಕು.

ಹೊಸೂರು_ಅಚ್ಚು
ಓವಲ್ ಪಂಚ್ ನನ್ನ ಹತ್ರ ಇದೆ. ಅರ್ಧ ಮಿ.ಮೀ. ಕಡಿಮೆದೇ. ನಾಳೆನೇ ಆರಲ್ಲ, ಹನ್ನೆರಡು ಕತ್ತರಿಸಿ ನಿಮ್ಮ ತಮ್ಮನ ಕೈಗೆ ಕೊಡ್ತೀನಿ, ದುಡ್ಡು ಬೇಡ.

ನೀರ್ಚಾಲು_ಕಾಗದ
ಕಾಗದ ಬೇಡ ಅಣ್ಣ, ಪಂಚ್ ಮಾತ್ರ ಕಳಿಸಿ, ಕೆಲಸ ಮುಗಿದ ಕೂಡಲೇ ವಾಪಸು ಮುಟ್ಟಿಸ್ತೇನೆ. ಹಾಳೆ ಇಲ್ಲಿಯೇ ಉಂಟು. ನಾಲ್ಕು ದಿನದಿಂದ ಜಗಲಿಯಲ್ಲಿ ಬಟ್ಟೆಯ ಹಗ್ಗಕ್ಕೆ ನೇತುಹಾಕಿದ್ದೇನೆ.