ಹೆಂಪ್, ಸೆಣಬು, ಪುಂಡಿ: ಮೂರೂ ಒಂದೇ ಬೆಳೆಯೇ?

ಪ್ರಶ್ನೆ: ನಮಸ್ಕಾರ ಸರ್. ನವಲಗುಂದ ತಾಲೂಕಿನಲ್ಲಿ ನಮ್ಮದು ಎರೆಭೂಮಿ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೆಂಪ್ ಅಂಗಿಯನ್ನು ತೋರಿಸಿ, ಇದು ಸೆಣಬಿನ ಬಟ್ಟೆ ಎಂದರು. ನಾವು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು, ಬದುವಿನ ಪುಂಡಿ ಮತ್ತು ಈ ಹೆಂಪ್ ಒಂದೇ ಬೆಳೆಯೇ? ಹೆಂಪ್ ಬೀಜ ತರಿಸಿ ಬಿತ್ತಬಹುದೇ?

ಉತ್ತರ: ನಮಸ್ಕಾರ. ದಯವಿಟ್ಟು ಬೀಜ ತರಿಸಬೇಡಿ. ಹೆಂಪ್ ಎಂದರೆ ಕ್ಯಾನಬಿಸ್ ಸಟೈವಾ, ಅಂದರೆ ಗಾಂಜಾ ಗಿಡದ್ದೇ ಪ್ರಭೇದ. ಅಮಲಿನ ಅಂಶವಾದ ಟಿಎಚ್‌ಸಿ ಬಹಳ ಕಡಿಮೆ ಇರುವ ತಳಿಗಳನ್ನು ನಾರಿಗಾಗಿ ಮತ್ತು ಬೀಜಕ್ಕಾಗಿ ಬೆಳೆಯುತ್ತಾರೆ. ಉತ್ತರಾಖಂಡ ಸರ್ಕಾರವು 2018ರಲ್ಲಿ ಇದಕ್ಕೆ ಪರವಾನಗಿ ಕೊಡಲು ಆರಂಭಿಸಿತು. ಆದರೆ ಪರವಾನಗಿಯಿಲ್ಲದೆ ಬೆಳೆದರೆ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ ಪ್ರಕಾರ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. "ಅಮಲಿಲ್ಲದ ತಳಿ" ಎಂಬ ಮಾರಾಟಗಾರರ ಮಾತು ನಿಮ್ಮನ್ನು ಕಾಯುವುದಿಲ್ಲ.

ನಿಮ್ಮ ಸೆಣಬು ಕ್ರೊಟಲೇರಿಯಾ ಜುನ್ಸಿಯಾ. ಹಳದಿ ಹೂ ಬಿಡುವ ಈ ಗಿಡ ತೊಗರಿ, ಹೆಸರುಗಳ ಕುಟುಂಬಕ್ಕೆ ಸೇರಿದ್ದು, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಹೂ ಬಿಡತೊಡಗಿದಾಗ, ಸುಮಾರು 45 ದಿನಗಳಿಗೆ, ಮಣ್ಣಿನಲ್ಲಿ ತೇವವಿರುವಾಗಲೇ ಮಗುಚಿದರೆ ಬೇಗ ಕೊಳೆಯುತ್ತದೆ; ತಡಮಾಡಿದರೆ ಕಾಂಡದಲ್ಲಿ ನಾರು ಬಲಿತು ಕೊಳೆಯುವುದು ನಿಧಾನವಾಗುತ್ತದೆ. ಎರೆಭೂಮಿಗೆ ಇದಕ್ಕಿಂತ ಅಗ್ಗದ ಸಾವಯವ ಗೊಬ್ಬರ ಸಿಗುವುದು ಕಷ್ಟವೆಂಬುದು ನನ್ನ ದೃಢವಾದ ಅಭಿಪ್ರಾಯ.

ಪುಂಡಿ ದಾಸವಾಳದ ಕುಟುಂಬದ್ದು. ನಾರಿನ ಪುಂಡಿಯ ಎಲೆ ಗಾಂಜಾ ಎಲೆಯಂತೆ ಸೀಳಿರುವುದರಿಂದಲೇ ಅದರ ಸಸ್ಯಶಾಸ್ತ್ರೀಯ ಹೆಸರು ಹೈಬಿಸ್ಕಸ್ ಕ್ಯಾನಬಿನಸ್. ಗಿಡ ನೋಡಿ ಯಾರಾದರೂ ಸಂಶಯಪಟ್ಟರೆ, ನಡುವೆ ಕಡುಗೆಂಪಾದ ಅದರ ದೊಡ್ಡ ಹೂವನ್ನು ತೋರಿಸಿ. ಗಾಂಜಾಕ್ಕೆ ಅಂಥ ಹೂವಿಲ್ಲ. ಗೋಣಿಚೀಲದ ಜೂಟ್ ಇವೆಲ್ಲಕ್ಕಿಂತ ಬೇರೆಯಾದ ನಾಲ್ಕನೆಯ ಗಿಡ.

ಪ್ರಶ್ನೆ: ಹಾಗಾದರೆ ಎಲ್ಲಕ್ಕೂ ಸೆಣಬು ಎನ್ನುವುದೇಕೆ ಸರ್? ಬೀಜಕ್ಕೆ ಬಿಟ್ಟ ಸೆಣಬನ್ನು ದನ ತಿಂದರೆ ತೊಂದರೆಯೇ?

ಉತ್ತರ: ಹಗ್ಗ ಹೊಸೆಯುವವರಿಗೆ ಬೇಕಾದದ್ದು ನಾರು, ಗಿಡದ ಕುಲವಲ್ಲ, ಹಾಗಾಗಿ ಹೆಸರು ನಾರನ್ನು ಹಿಂಬಾಲಿಸಿತು. ಅಥರ್ವವೇದದಲ್ಲಿ 'ಶಣ' ಮತ್ತು 'ಭಂಗ' (ಗಾಂಜಾ ಗಿಡ) ಎರಡೂ ಪದಗಳಿವೆ. ನಮ್ಮ ಸಣಬು, ಸೆಣಬು 'ಶಣ'ಕ್ಕೆ ಸಂಬಂಧಿಸಿದವು. ಗ್ರೀಕರ 'ಕನ್ನಾಬಿಸ್' ಬೇರೆ ದಾರಿಯಲ್ಲಿ ಸಾಗಿತು: ಹಡಗಿನ ಹಾಯಿಗೆ ಬಳಸಿದ ಕ್ಯಾನ್ವಾಸ್ ಬಟ್ಟೆಯ ಹೆಸರು ಅದರಿಂದ ಬಂದದ್ದು, ಇಂಗ್ಲಿಷಿನ ಹೆಂಪ್ ಕೂಡ ಅದರ ಬಳಗದ್ದೇ.

ದನಗಳ ವಿಷಯದಲ್ಲಿ ಎಚ್ಚರವಿರಲಿ. ಸೆಣಬಿನ ಬೀಜದಲ್ಲಿ ಯಕೃತ್ತಿಗೆ ಹಾನಿಮಾಡುವ ಕ್ಷಾರಾಭಗಳೆಂಬ (ಆಲ್ಕಲಾಯ್ಡ್) ವಿಷದ ಅಂಶಗಳಿರುತ್ತವೆ. ಕಾಯಿಕಟ್ಟಿದ ಹೊಲಕ್ಕೆ ದನ ನುಗ್ಗದಂತೆ ನೋಡಿಕೊಳ್ಳಿ, ಬೀಜವನ್ನು ಹಿಂಡಿಯ ಚೀಲಗಳಿಂದ ದೂರವಿಡಿ.