ಪದ ಬೇಕಾಗಿದೆ: ‘ರೆಟರಿಕ್’, ‘ಎಂಥಿಮೀಮ್’

ಧಾರವಾಡದಿಂದ:
ಅರಿಸ್ಟಾಟಲನ ‘ರೆಟರಿಕ್’ ಮೊದಲ ಅಧ್ಯಾಯ ಎಂ.ಎ. ವಿದ್ಯಾರ್ಥಿಗಳಿಗಾಗಿ ನಾಳೆ ಝೆರಾಕ್ಸಿಗೆ ಹೋಗಬೇಕು. ಕನ್ನಡ ಅನುವಾದದ ಕರಡಿನಲ್ಲಿ ರೆಟರಿಕ್ ಎಂದರೆ ‘ಅಲಂಕಾರಶಾಸ್ತ್ರ’. ವಿದ್ಯಾರ್ಥಿ ಮೊದಲ ವಾಕ್ಯಕ್ಕೇ ನಿಂತುಬಿಡುತ್ತಾನೆ: ‘ಅಲಂಕಾರಶಾಸ್ತ್ರವು ತರ್ಕಕ್ಕೆ ಸರಿಜೋಡಿ’. ಉಪಮೆ, ರೂಪಕಕ್ಕೂ ತರ್ಕಕ್ಕೂ ಏನು ಸಂಬಂಧ ಎಂದು ಅವನು ಕೇಳುವುದು ಸರಿಯೇ. ಮುಂದೆ ‘ಎಂಥಿಮೀಮ್’ (ಕೇಳುಗರನ್ನು ಒಪ್ಪಿಸಲು ಹೂಡುವ ವಾದದ ಒಂದು ರೂಪ) ಬಂದಲ್ಲಿ ಓದು ನಿಂತೇ ಹೋಗುತ್ತದೆ. ಎರಡಕ್ಕೂ ಪದ ಹೇಳ್ರಿ.

ಗದಗದಿಂದ:
ಅಲಂಕಾರಶಾಸ್ತ್ರ ಹೊಡದು ಹಾಕ್ರಿ. ಮೂರು ಭಾಗದಾಗ ಶೈಲಿ ಬರೂದು ಕಡೀದರಾಗ. ಮೊದಲೆರಡು ಪೂರಾ ಕೇಳವರನ್ನ ಒಪ್ಪಿಸೂ ಬಗೆ: ಆಡವನ ನಡತಿ, ಕೇಳವರ ಭಾವ, ವಾದದ ಹುರುಳು. ಕವಿರಾಜಮಾರ್ಗದ ದಾರಿ ಬ್ಯಾರೆ, ಅದು ಸಂಸ್ಕೃತದ ಲಾಕ್ಷಣಿಕ ದಂಡಿಯನ್ನ ಹಿಡದು ಕಾವ್ಯದ ಗುಣ-ದೋಷ ಹೇಳತೈತಿ. ‘ಒಪ್ಪಿಸುವರಿಮೆ’ ಅನ್ರಿ. ಕನ್ನಡಕ್ಕ ಸಂಸ್ಕೃತ ಬೆರಸೂದಂದ್ರ ತುಪ್ಪಕ್ಕ ಎಣ್ಣಿ ಬೆರಸಿದಂಗ, ಬೆರಸಬಾರದು ಅಂತ ನಮ್ಮ ಮುಳಗುಂದದ ಕವಿ ನಯಸೇನ 1112ರಾಗನ ಹೇಳ್ಯಾನ.

ಹಾವೇರಿಯಿಂದ:
ನಯಸೇನ ಹೇಳಿದ್ದು ‘ಘೃತ’, ‘ತೈಲ’ ಎಂಬ ಸಂಸ್ಕೃತ ಪದಗಳಲ್ಲೇ. ಅದನ್ನು ಹಿಡಿದು ಸಂಸ್ಕೃತ ಓಡಿಸಲಾಗದು. ಅರಿಮೆ ಅಂಟಿಸಿದ್ದೆಲ್ಲ ಪದವೂ ಅಲ್ಲ. ‘ವಾಗ್ಮಿತೆ’ ಸಾಕು. ಎಂಥಿಮೀಮ್ ಒಳಗಿನ ‘ಥುಮೋಸ್’ ಎಂದರೆ ಮನಸ್ಸು, ಅದು ನಮ್ಮ ‘ಧೂಮ’ದ ಜ್ಞಾತಿಪದ. ಹೊಗೆ ಕಂಡು ಬೆಂಕಿ ಊಹಿಸುವ ನ್ಯಾಯದರ್ಶನದ (ಭಾರತೀಯ ತರ್ಕದ) ಉದಾಹರಣೆ ನೆನೆಯಿರಿ. ಎಂಥಿಮೀಮನ್ನು ‘ಮನೋಗತಾನುಮಾನ’ (ಮನಸ್ಸಿನೊಳಗಿನ ಊಹೆ) ಮಾಡಿ.

ಹುಬ್ಬಳ್ಳಿಯಿಂದ:
ಥುಮೋಸ್, ಧೂಮ ಒಂದೇ ಬೇರಿನವು, ಖರೆ. ಅದರಿಂದ ಎಂಥಿಮೀಮಿನ ಅರ್ಥ ತಿಳಿಯೂದಿಲ್ಲ. ‘ವಾಗ್ಮಿತೆ’ ಆಡವನ ಗುಣ, ವಿದ್ಯೆಯ ಹೆಸರಲ್ಲ.
ಉದಾಹರಣೆ ಕೊಡ್ರಿ: ‘ಮುಂಗಾರು ಕೈಕೊಟ್ಟೈತಿ, ಹೆಸರುಕಾಳು ತುಟ್ಟಿ ಆಕ್ಕೈತಿ.’ ಬೆಳಿ ಕಡಿಮಿ ಆದರ ರೇಟ್ ಏರತೈತಿ ಅನ್ನೂ ನಡುವಿನ ಮಾತನ್ನ ಎಪಿಎಂಸಿಯಾಗ ನಿಂತವ ತಾನಾ ತುಂಬಕೋತಾನ. ನ್ಯಾಯದ ಮಾತಿನಾಗ ಹೇಳೂದಾದರ, ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ) ಬಾಯಾಗ. ವ್ಯಾಪ್ತಿ (ಎರಡನ್ನೂ ಜೋಡಿಸೂ ನಿಯಮ) ಕೇಳವನ ತಲಿಯಾಗ. ಆದರ ನಡುವಿನ ಮಾತು ಬಿಟ್ಟಿದ್ದಷ್ಟಕ್ಕ ಎಂಥಿಮೀಮ್ ಆಗೂದಿಲ್ಲ. ಅದು ‘ಸಾಮಾನ್ಯವಾಗಿ ಹಿಂಗ ಆಕ್ಕೈತಿ’ ಅನ್ನೂ ಸಂಭವದ ಮ್ಯಾಲೆ, ಇಲ್ಲಾ ಕುರುಹಿನ ಮ್ಯಾಲೆ ನಿಂತಿರತೈತಿ. ನ್ಯಾಯದಾಗಿನ ವಾದದ ಐದು ಅವಯವ (ಭಾಗ) ಓದಿ ಬಂದವರು ಎಡವೂದು ಇಲ್ಲೇ: ವ್ಯಾಪ್ತಿಗೆ ಒಂದೂ ಅಪವಾದ ಇರಬಾರದು ಅಂದಕೊಂಡು, ಮಳಿ ಇಲ್ಲದನೂ ರೇಟ್ ಬಿದ್ದ ವರ್ಷ ಸಿಕ್ಕ ಕೂಡ್ಲೆ ವಾದನ ಸುಳ್ಳು ಅಂತಾರ. ಹಂಗಂತ ಅದಕ್ಕ ‘ಊನಾನುಮಾನ’ (ಕೊರತಿ ಇರೂ ಊಹೆ) ಅಂತ ಹೆಸರಿಡಬ್ಯಾಡ್ರಿ. ಒಪ್ಪಿಸೂ ಮಾತಿನ ಮೈ ಅಂತ ಅರಿಸ್ಟಾಟಲ್ ಕರದದ್ದನ್ನ ಊನ ಅನ್ನೂದು ತಪ್ಪು.
ರೆಟರಿಕ್‌ಗೆ ‘ಮನವೊಲಿಕೆಯ ಕಲೆ’ ಬರೀರಿ. ಎಂಥಿಮೀಮ್ ಹಂಗ ಇಟ್ಟು, ಬಾಜೂಕ ಹೆಸರುಕಾಳಿನ ವಾಕ್ಯ ಹಾಕ್ರಿ.

ಗದಗದಿಂದ:
ಗ್ರೀಕ್ ಪದ ಹಂಗ ಇಡೂದಾದರ ಅನುವಾದ ಯಾಕ? ನಾಳೆ ‘ಲಾಜಿಕ್’ಕೂ ಹಂಗ ಇರಲಿ ಅಂತೀರಿ.

ಹಾವೇರಿಯಿಂದ:
ಇದ್ದರೇನು? ‘ಕಾಗದ’, ‘ಖುರ್ಚಿ’ ಯಾವ ಅರಿಮೆಯಿಂದ ಬಂದವು?

ಧಾರವಾಡದಿಂದ:
‘ಮನವೊಲಿಕೆಯ ಕಲೆ ತರ್ಕಕ್ಕೆ ಸರಿಜೋಡಿ’: ವಾಕ್ಯ ನಿಂತಿತು. ಎಂಥಿಮೀಮಿಗೆ ಕನ್ನಡ ಪದ ಸಿಕ್ಕರೆ ಬೆಳಗ್ಗೆ ಹತ್ತರೊಳಗೆ ತಿಳಿಸ್ರಿ.