ತುರ್ತು: ‘ರಿಸರ್ಚ್ ಇಂಪ್ಯಾಕ್ಟ್’ಗೆ ಫಲಕದಲ್ಲಿ ಏನು ಬರೆಯಲಿ?

ಬೆಳಗಾವಿಯಿಂದ, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ಕಾಲೇಜು ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಫಲಕ ವೈರಸ್ ರೋಗಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿಯೊಬ್ಬರದು. ಇಂಗ್ಲಿಷಿನ ‘ರಿಸರ್ಚ್ ಇಂಪ್ಯಾಕ್ಟ್’ ಇರುವ ಕಡೆ ನಾನು ಹಾಕಿದ ತಲೆಬರಹ: ‘ಸಾಂಕ್ರಾಮಿಕ ವೈರಾಣು ರೋಗಗಳ ಸಂಶೋಧನೆಯ ಪರಿಣಾಮ’. ಫ್ಲೆಕ್ಸ್ ಅಂಗಡಿಯ ಹುಡುಗ ಟೈಪ್ ಮಾಡುತ್ತಾ ಕೈ ನಿಲ್ಲಿಸಿ ಕೇಳಿದ, ‘ಅಕ್ಕಾರ, ಸಂಶೋಧನೆ ಮಾಡಿದ್ದಕ್ಕ ಏನರೆ ಅನಾಹುತ ಆತೇನ್ರಿ?’ ಅವನು ಕೇಳಿದ್ದು ಸರಿ ಅನಿಸಿತು. ಕೋವಿಡ್ ಆದ ಮೇಲೆ ಜನ ಆ ಸಾಲನ್ನು ಹಾಗೇ ಓದುತ್ತಾರೆ. ‘ಪರಿಣಾಮ’ದ ಬದಲು ‘ಪ್ರಭಾವ’ ಹಾಕಲಾ? ಕೆಳಗೆ ಅವರ ಲೇಖನಗಳ ಸೈಟೇಶನ್ ಲೆಕ್ಕ, ಎಚ್-ಇಂಡೆಕ್ಸ್ ಕೂಡ ಇದೆ. ಸಂಜೆ ಆರಕ್ಕೆ ಪ್ರಿಂಟಿಗೆ ಕೊಡಬೇಕು.

ವಿಜಯಪುರದಿಂದ, 10.15

ಪ್ರಭಾವ ಬೇಡವೇ ಬೇಡ. ಪ್ರಭಾವ ಬೀರಿ ವರ್ಗಾವಣೆ ಮಾಡಿಸಿಕೊಳ್ಳುತ್ತಾರೆ, ಸಂಶೋಧನೆ ಮಾಡುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ‘ವೈರಾಣು’. ಲ್ಯಾಟಿನ್ನಿನಲ್ಲಿ ವೈರಸ್ ಅಂದರೆ ವಿಷ. ಮರಾಠಿಯವರು ಅರ್ಥ ಹಿಡಿದು ‘ವಿಷಾಣು’ ಮಾಡಿಕೊಂಡರು. ನಾವು ಬರೀ ಸದ್ದು ಹಿಡಿದೆವು, ವೈರಕ್ಕೆ ಅಣು ಅಂಟಿಸಿದೆವು. ವೈರಸ್ಸಿಗೆ ಯಾರ ಮೇಲೂ ವೈರವಿಲ್ಲ. ನಮ್ಮಲ್ಲೇ ‘ನಂಜು’ ಇದೆ. ‘ನಂಜುರೋಗ’ ಅಂತ ಬರೆಯಿರಿ, ಹಳ್ಳಿಯವರಿಗೂ ತಿಳಿಯುತ್ತದೆ.

ಬಾಗಲಕೋಟೆಯಿಂದ, 11.05

ನಂಜು ಆಗುವುದಿಲ್ಲ ಸರ್. ಹಳ್ಳಿಯವರಿಗೆ ತಿಳಿಯುತ್ತದೆ, ಆದರೆ ಬೇರೆಯೇ ತಿಳಿಯುತ್ತದೆ. ಕಾಲಿಗೆ ಮೊಳೆ ಚುಚ್ಚಿ, ಬಾತು, ಕೀವು ತುಂಬಿದರೆ ‘ನಂಜಾಗೇತಿ’ ಅಂತಾರೆ. ಅದು ಹೆಚ್ಚಾಗಿ ಬ್ಯಾಕ್ಟೀರಿಯಾದ ಕೆಲಸ. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದವನು ನಾನು, ದಿನಾ ಕೇಳಿದ ಮಾತಿದು.

‘ಸಾಂಕ್ರಾಮಿಕ’ವನ್ನು ನೀವಿಬ್ಬರೂ ಸುಮ್ನೆ ದಾಟಿಬಿಟ್ಟಿರಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವುದು ಸಂಕ್ರಮಣ. ಸಂಕ್ರಾಂತಿಗೂ ಅದೇ ಬೇರು. ಓದುವವರು ಮಾತ್ರ ಅದನ್ನು ‘ಅಂಟುರೋಗ’ ಅಂತಲೇ ತಿಳಿಯುತ್ತಾರೆ. ಡೆಂಗಿ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ನಡುವೆ ಸೊಳ್ಳೆ ಬೇಕು. ಮಂಗನ ಕಾಯಿಲೆಗೆ ಉಣ್ಣೆ ಹುಳ ಬೇಕು. ಡೆಂಗಿ ಬಂದ ಹುಡುಗಿಗೆ ತಟ್ಟೆ, ಲೋಟ ಬೇರೆ ಇಟ್ಟು, ಬಾಗಿಲ ಹೊರಗೇ ಊಟ ಹಾಕಿದ ಮನೆ ನೋಡಿದ್ದೇನೆ. ಅದಕ್ಕೇ ಹೇಳುತ್ತೇನೆ, ‘ಸೋಂಕು’ ಬರೆಯಿರಿ.

ಇನ್ನು ಇಂಪ್ಯಾಕ್ಟ್. ಅಕ್ಕಾರೆ, ನಿಮ್ಮ ಫಲಕದಲ್ಲಿ ಎರಡು ಬೇರೆ ಸಂಗತಿ ಒಂದೇ ಪದದ ಕೆಳಗೆ ಕೂತಿವೆ. ಸೈಟೇಶನ್ ಅಂದರೆ ಬೇರೆ ವಿಜ್ಞಾನಿಗಳು ತಮ್ಮ ಲೇಖನದಲ್ಲಿ ಇವರ ಲೇಖನವನ್ನು ಹೆಸರಿಸುವುದು. ಅದಕ್ಕೆ ‘ಉಲ್ಲೇಖ’ ಸಾಕು. ಎಚ್-ಇಂಡೆಕ್ಸ್ ಆ ಉಲ್ಲೇಖಗಳ ಮೇಲೆ ನಿಂತ ಅಳತೆ, 2005ರಲ್ಲಿ ಭೌತವಿಜ್ಞಾನಿ ಹೊರ್ಹೆ ಹಿರ್ಶ್ ಸೂಚಿಸಿದ್ದು. 20 ಅಂತ ಇದ್ದರೆ, ಕನಿಷ್ಠ 20 ಸಲ ಉಲ್ಲೇಖವಾದ 20 ಲೇಖನಗಳಿವೆ ಅಂತ ಅರ್ಥ. ಇದೆಲ್ಲ ವಿಜ್ಞಾನಿಗಳ ನಡುವಿನ ಲೆಕ್ಕ.

ಜನರಿಗೆ ಏನಾಯಿತು ಅನ್ನುವುದು ಬೇರೆ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಊರವರು ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಗುರುತಿಸಿದರು, ಉಣ್ಣೆ ಹುಳದಿಂದ ಬರುತ್ತದೆ ಅಂತ ಕಂಡುಕೊಂಡರು. ಇವತ್ತು ಮಲೆನಾಡಿನಲ್ಲಿ ತರಗೆಲೆ ತರಲು ಕಾಡಿಗೆ ಹೊರಟವರಿಗೆ ಹುಳ ಹತ್ತದಂತೆ ಮೈಗೆ ಅದಕ್ಕೆಂದೇ ಇರುವ ಎಣ್ಣೆ ಹಚ್ಚಿಕೊಳ್ಳಿ ಅಂತ ಹೇಳುತ್ತಾರೆ. ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ಸುದ್ದಿ ಹೋಗುತ್ತದೆ. ಇದು ಆ ಸಂಶೋಧನೆಯ ಉಪಯೋಗ. ಆ ಪದವನ್ನೇ ಹಾಕಿ.

ವಿಜಯಪುರದಿಂದ, 11.30

ಸೋಂಕು ಅಂದರೂ ಮುಟ್ಟುವುದೇ. ನಿಮ್ಮ ವಾದ ಅಲ್ಲೇ ಬಿತ್ತು. ಇಂಪ್ಯಾಕ್ಟಿನಲ್ಲಿ ಒಳ್ಳೆಯದು, ಕೆಟ್ಟದ್ದು ಎರಡೂ ಇವೆ. ‘ಉಪಯೋಗ’ದಲ್ಲಿ ಒಂದೇ ಇದೆ. ಮತ್ತೆ, ವೈರಸ್ಸನ್ನು ಹಾಗೇ ಇಟ್ಟುಕೊಳ್ಳುವುದಾದರೆ ಇಂಪ್ಯಾಕ್ಟನ್ನೂ ಹಾಗೇ ಇಡಿ. ಅನುವಾದ ಯಾಕೆ ಬೇಕು?

ಬಾಗಲಕೋಟೆಯಿಂದ, 11.50

ಗಾಳಿ ಸೋಕುತ್ತದೆ, ಬಿಸಿಲೂ ಸೋಕುತ್ತದೆ. ಯಾರು ಮುಟ್ಟಿದರು ಅಂತ ಆ ಪದ ಬೆರಳು ತೋರಿಸುವುದಿಲ್ಲ. ‘ಅಂಟು’ ತೋರಿಸುತ್ತದೆ.

ವೈರಸ್ ಜನರ ಬಾಯಲ್ಲಿದೆ, ಇಂಪ್ಯಾಕ್ಟ್ ಇಲ್ಲ. ಅಷ್ಟೇ ವ್ಯತ್ಯಾಸ. ನಿಮ್ಮ ವಿಜಯಪುರದಲ್ಲೇ ಜನ ದವಾಖಾನೆಗೆ ಹೋಗುತ್ತಾರೆ. ಪಾರಸಿಯಿಂದ ಬಂದ ಪದ ಅಂತ ಯಾರಾದರೂ ಬಾಗಿಲಲ್ಲಿ ನಿಂತಿದ್ದಾರಾ? ಬೆಳಗಾವಿಯಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಇವತ್ತಿಗೂ ವ್ಯಾಕ್ಸಿನ್ ಡಿಪೋನೇ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಹೋಯಿತು ಅಂತ ಸಾರಿತು. ರೋಗ ಹೋಯಿತು, ಹೆಸರು ಉಳಿಯಿತು. ಆಟೋದವರಿಗೆ ಬೇರೆ ಹೆಸರು ಹೇಳಿ ನೋಡಿ.

ವಿಜಯಪುರದಿಂದ, 12.05

‘ಲಸಿಕೆ’ ಅಂತ ನೀವೇ ಬರೆದಿದ್ದೀರಿ. ಅದೂ ಯಾರೋ ಕೂತು ಆರಿಸಿ ಕೊಟ್ಟ ಪದವೇ. ಅವರು ‘ಜನರ ಬಾಯಲ್ಲಿ ವ್ಯಾಕ್ಸಿನ್ ಇದೆ’ ಅಂತ ಸುಮ್ಮನಿದ್ದಿದ್ದರೆ ಇವತ್ತು ನಿಮಗೆ ಅದು ಸಿಗುತ್ತಿರಲಿಲ್ಲ.

ಬೆಳಗಾವಿಯಿಂದ, ಸಂಜೆ 5.20

ಇಬ್ಬರಿಗೂ ಧನ್ಯವಾದ. ಲಸಿಕೆಯ ಮಾತು ನನಗೂ ನಾಟಿತು, ಸರ್. ಆದರೆ ‘ನಂಜುರೋಗ’ ಇವತ್ತು ಹಾಕಲು ನನಗೆ ಧೈರ್ಯ ಬರಲಿಲ್ಲ. ಕೊಟ್ಟು ಬಂದದ್ದು ಇದು: ‘ವೈರಸ್ ಸೋಂಕುಗಳ ಸಂಶೋಧನೆ: ಜನರಿಗೆ ಏನು ಉಪಯೋಗವಾಯಿತು’. ಉಲ್ಲೇಖಗಳ ಲೆಕ್ಕವನ್ನು ಕೆಳಗೆ ಬೇರೆ ಚೌಕಟ್ಟಿಗೆ ಹಾಕಿಸಿದೆ. ಹುಡುಗ ಈ ಸಲ ಎಲ್ಲೂ ನಿಲ್ಲಲಿಲ್ಲ.

ಡೆಂಗಿಯ ಫಲಕ ನಾಳೆ ಇದೆ. ಸೊಳ್ಳೆಗೆ ‘ರೋಗವಾಹಕ’ ಅಂತ ಬರೆದಿದ್ದೇನೆ. ರೋಗಲಕ್ಷಣವಿಲ್ಲದೆ ಸೋಂಕು ಹೊತ್ತ ಮನುಷ್ಯರಿಗೂ ನಾವು ಅದೇ ಪದ ಬಳಸುತ್ತೇವೆ ಅಲ್ವಾ? ಎರಡಕ್ಕೂ ಬೇರೆ ಬೇರೆ ಪದ ಬೇಕು, ಬೆಳಿಗ್ಗೆ ಹತ್ತರ ಒಳಗೆ.